ಪ್ರಯೋಗಾಲಯ ಸಂಶೋಧನೆಗೆ ಬಳಸುವ ಪುನಃಸಂಯೋಜಿತ ಮಾನವ ಕ್ಯಾಲ್ಸಿಯಂ ಚಾನೆಲ್ ಪ್ರೋಟೀನ್: ಅರ್ಜಿದಾರರಿಗೆ ಹಾಗೂ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ವಿಶ್ವವಿದ್ಯಾಲಯಗಳು, ವೈದ್ಯಕೀಯ ಮತ್ತು ಔಷಧ ವಿಜ್ಞಾನ ಕಾಲೇಜುಗಳು, ಸಂಶೋಧನಾ ಸಂಸ್ಥೆಗಳು ಹಾಗೂ ಜೈವಿಕ ತಂತ್ರಜ್ಞಾನ ಕ್ಷೇತ್ರದ ನವೋದ್ಯಮಗಳು ತಮ್ಮ ಪ್ರಯೋಗಗಳಿಗಾಗಿ ಪುನಃಸಂಯೋಜಿತ ಮಾನವ ಪ್ರೋಟೀನ್‌ಗಳನ್ನು ಹೊರದೇಶಗಳಿಂದ ತರಿಸಿಕೊಳ್ಳುತ್ತವೆ. ಕ್ಯಾಲ್ಸಿಯಂ ಚಾನೆಲ್ ಪ್ರೋಟೀನ್ ಅಂತಹವುಗಳಲ್ಲಿ ಒಂದು. ಸದರಿ ಪದಾರ್ಥ ಯಾವುದು, ಅದನ್ನು ಹೇಗೆ ತಯಾರಿಸುತ್ತಾರೆ, ಯಾವ ಕೆಲಸಕ್ಕೆ ಒದಗುತ್ತದೆ, ಯಾವುದಕ್ಕೆ ಒದಗುವುದಿಲ್ಲ ಮತ್ತು ತರಿಸುವ ಮುನ್ನ ಅನುಸರಿಸಬೇಕಾದ ಕ್ರಮವೇನು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ಅರ್ಜಿದಾರರು ಮುಖ್ಯವಾಗಿ ಗಮನಿಸಬೇಕಾದ ಅಂಶವೊಂದಿದೆ. ಸೀಸೆಯ ಮೇಲೆ "ಮಾನವ ಕ್ಯಾಲ್ಸಿಯಂ ಚಾನೆಲ್ ಪ್ರೋಟೀನ್" ಎಂದು ಬರೆದಿದ್ದರೂ, ಬಹುಪಾಲು ಸಂದರ್ಭಗಳಲ್ಲಿ ಅದರೊಳಗಿರುವುದು ಇಡೀ ಚಾನೆಲ್ ಅಲ್ಲ, ಅದರ ಒಂದು ತುಣುಕು ಮಾತ್ರ. ಆ ತುಣುಕು ತಮ್ಮ ಪ್ರಯೋಗಕ್ಕೆ ಹೊಂದುತ್ತದೆಯೇ ಎಂಬುದನ್ನು ಖರೀದಿ ಆದೇಶಕ್ಕೆ ಮೊದಲೇ ಪರಿಶೀಲಿಸುವುದು ಅರ್ಜಿದಾರರ ಹೊಣೆ. ಈ ಪರಿಶೀಲನೆ ತಪ್ಪಿದರೆ ಅನುದಾನದ ಹಣವೂ ಸಂಶೋಧನೆಯ ಕಾಲಾವಧಿಯೂ ವ್ಯರ್ಥವಾಗುತ್ತವೆ.

2. ಕ್ಯಾಲ್ಸಿಯಂ ಚಾನೆಲ್ ಎಂದರೇನು?

ಜೀವಕೋಶದ ಸುತ್ತಲೂ ಕೊಬ್ಬಿನ ಅಂಶದಿಂದಾದ ತೆಳುವಾದ ಪೊರೆ ಇರುತ್ತದೆ. ವಿದ್ಯುದಾವೇಶ ಹೊಂದಿದ ಅಯಾನುಗಳು ಈ ಪೊರೆಯನ್ನು ನೇರವಾಗಿ ದಾಟಲಾರವು. ಅವು ದಾಟಲು ಪೊರೆಯಲ್ಲಿ ಪ್ರೋಟೀನ್‌ನಿಂದಾದ ದ್ವಾರಗಳಿವೆ. ಇವುಗಳನ್ನು ಅಯಾನು ಚಾನೆಲ್‌ಗಳೆಂದು ಕರೆಯುತ್ತಾರೆ. ಕ್ಯಾಲ್ಸಿಯಂ ಅಯಾನನ್ನು ಮಾತ್ರ ಆಯ್ದು ಒಳಬಿಡುವ ದ್ವಾರವೇ ಕ್ಯಾಲ್ಸಿಯಂ ಚಾನೆಲ್. ಕೆರೆಯ ತೂಬಿನಂತೆ ಇದು ತೆರೆದು ಮುಚ್ಚುತ್ತದೆ.

ಜೀವಕೋಶದ ಹೊರಗಿನ ಕ್ಯಾಲ್ಸಿಯಂ ಸಾಂದ್ರತೆಯು ವಿಶ್ರಾಂತ ಸ್ಥಿತಿಯ ಕೋಶದ ಒಳಗಿನದಕ್ಕಿಂತ ಸುಮಾರು 10,000 ಪಟ್ಟು ಹೆಚ್ಚು. ಆದುದರಿಂದ ತೂಬು ಕ್ಷಣಮಾತ್ರ ತೆರೆದರೂ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಈ ಒಳಹರಿವೇ ಕೋಶಕ್ಕೆ ಸಂಕೇತ. ಇದರಿಂದ ಹೃದಯದ ಸ್ನಾಯು ಸಂಕೋಚಿಸುತ್ತದೆ, ನರದ ತುದಿಯು ರಾಸಾಯನಿಕ ಸಂದೇಶವನ್ನು ಹೊರಬಿಡುತ್ತದೆ, ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಇನ್ಸುಲಿನ್ ಸ್ರವಿಸುತ್ತವೆ. ಕೋಶದ ಹೊರಗೆ ಸೋಡಿಯಂ ಅಯಾನುಗಳು ಕ್ಯಾಲ್ಸಿಯಂಗಿಂತ ಸುಮಾರು ನೂರು ಪಟ್ಟು ಹೆಚ್ಚಿದ್ದರೂ ಚಾನೆಲ್ ಕ್ಯಾಲ್ಸಿಯಂ ಅನ್ನೇ ಆಯ್ದುಕೊಳ್ಳುತ್ತದೆ. ದ್ವಾರದ ಇಕ್ಕಟ್ಟಾದ ಭಾಗದಲ್ಲಿ ಋಣಾವೇಶವುಳ್ಳ ನಾಲ್ಕು ಅಮೈನೋ ಆಮ್ಲ ಘಟಕಗಳು ಉಂಗುರದಂತೆ ಜೋಡಣೆಗೊಂಡಿರುವುದು ಇದಕ್ಕೆ ಕಾರಣ.

ಈ ಪುಟದಲ್ಲಿ ವಿವರಿಸಿರುವುದು ಪೊರೆಯ ವಿದ್ಯುದ್ವಿಭವದ ಬದಲಾವಣೆಗೆ ತೆರೆಯುವ ಚಾನೆಲ್‌ಗಳನ್ನು ಕುರಿತು. ಇವುಗಳ ಮುಖ್ಯ ಭಾಗಕ್ಕೆ ಆಲ್ಫಾ-1 ಉಪಘಟಕ ಎಂದು ಹೆಸರು. ಇದರಲ್ಲಿ ನಾಲ್ಕು ಖಂಡಗಳಿದ್ದು, ಪ್ರತಿ ಖಂಡವೂ ಪೊರೆಯನ್ನು ಆರು ಬಾರಿ ಹಾದುಹೋಗುತ್ತದೆ. ಅಂದರೆ ಒಂದೇ ಪ್ರೋಟೀನ್ ಸರಪಳಿಯು ಪೊರೆಯನ್ನು 24 ಬಾರಿ ಹೊಲಿದಂತೆ ಹಾದಿರುತ್ತದೆ. ಪ್ರತಿ ಖಂಡದ ನಾಲ್ಕನೆಯ ಎಳೆಯು ವಿದ್ಯುದ್ವಿಭವವನ್ನು ಗ್ರಹಿಸುತ್ತದೆ. ಬಹುತೇಕ ಚಾನೆಲ್‌ಗಳಲ್ಲಿ ಆಲ್ಫಾ-1ರ ಜೊತೆಗೆ ಬೀಟಾ ಹಾಗೂ ಆಲ್ಫಾ-2-ಡೆಲ್ಟಾ ಎಂಬ ಸಹಾಯಕ ಉಪಘಟಕಗಳಿರುತ್ತವೆ. ಅಸ್ಥಿಸ್ನಾಯುವಿನ ಚಾನೆಲ್‌ನಲ್ಲಿ ಗಾಮಾ ಉಪಘಟಕವೂ ಇರುತ್ತದೆ.

3. ಮಾನವನಲ್ಲಿರುವ ವಿಧಗಳು

ಮಾನವನಲ್ಲಿ ಆಲ್ಫಾ-1 ಉಪಘಟಕಕ್ಕೆ ಹತ್ತು ವಂಶವಾಹಿಗಳಿವೆ. ಅರ್ಜಿಯಲ್ಲಿ ಕೇವಲ "ಕ್ಯಾಲ್ಸಿಯಂ ಚಾನೆಲ್" ಎಂದು ನಮೂದಿಸಿದರೆ ಯಾವುದೆಂದು ತಿಳಿಯುವುದಿಲ್ಲ. ಆದಕಾರಣ ವಿಧಗಳ ಪರಿಚಯ ಅವಶ್ಯಕ.

ಅ) ಸಿಎವಿ 1 ಗುಂಪು (ಎಲ್ ವಿಧ): ಇದರಲ್ಲಿ ನಾಲ್ಕು ಸದಸ್ಯರಿವೆ. 1.1 ಅಸ್ಥಿಸ್ನಾಯುವಿನಲ್ಲಿ, 1.2 ಹೃದಯ ಮತ್ತು ರಕ್ತನಾಳದ ಗೋಡೆಯಲ್ಲಿ, 1.3 ಹೃದಯದ ಲಯ ನಿಯಂತ್ರಕ ಕೋಶಗಳಲ್ಲಿ ಹಾಗೂ ಒಳಕಿವಿಯಲ್ಲಿ, 1.4 ಕಣ್ಣಿನ ಅಕ್ಷಿಪಟಲದಲ್ಲಿ ಮುಖ್ಯವಾಗಿ ಕಾರ್ಯನಿರ್ವಹಿಸುತ್ತವೆ. ರಕ್ತದೊತ್ತಡಕ್ಕೆ ನೀಡುವ ಆಮ್ಲೋಡಿಪಿನ್ ಹಾಗೂ ನಿಫೆಡಿಪಿನ್, ಹೃದಯದ ಲಯ ಮತ್ತು ಎದೆನೋವಿಗೆ ನೀಡುವ ವೆರಪಮಿಲ್ ಹಾಗೂ ಡಿಲ್ಟಿಯಾಜೆಮ್ ಔಷಧಗಳು ಈ ಗುಂಪಿನ ಮೇಲೆ ಕೆಲಸ ಮಾಡುತ್ತವೆ.

ಆ) ಸಿಎವಿ 2 ಗುಂಪು: ಇದರಲ್ಲಿ 2.1 (ಪಿ/ಕ್ಯೂ ವಿಧ), 2.2 (ಎನ್ ವಿಧ) ಮತ್ತು 2.3 (ಆರ್ ವಿಧ) ಸೇರಿವೆ. ಇವು ಹೆಚ್ಚಾಗಿ ನರಕೋಶಗಳಲ್ಲಿರುತ್ತವೆ. 2.2 ಚಾನೆಲ್ ನೋವಿನ ಸಂದೇಶವನ್ನು ಬೆನ್ನುಹುರಿಯಲ್ಲಿ ಮುಂದಕ್ಕೆ ರವಾನಿಸುವಲ್ಲಿ ಪಾಲ್ಗೊಳ್ಳುತ್ತದೆ.

ಇ) ಸಿಎವಿ 3 ಗುಂಪು (ಟಿ ವಿಧ): 3.1, 3.2 ಮತ್ತು 3.3. ಇವು ಅಲ್ಪ ವಿಭವ ಬದಲಾವಣೆಗೇ ತೆರೆಯುತ್ತವೆ. ಮಿದುಳಿನ ಥಲಾಮಸ್ ಭಾಗದ ಲಯಬದ್ಧ ಚಟುವಟಿಕೆಯಲ್ಲಿ ಇವುಗಳ ಪಾತ್ರವಿದೆ.

ಈ ವಂಶವಾಹಿಗಳಲ್ಲಿನ ದೋಷಗಳಿಂದ ಕಾಯಿಲೆಗಳು ಉಂಟಾಗುತ್ತವೆ. ಸಿಎವಿ 1.1ರ ದೋಷದಿಂದ ರಕ್ತದಲ್ಲಿ ಪೊಟ್ಯಾಸಿಯಂ ಕುಸಿದು ಕೈಕಾಲು ಸ್ವಾಧೀನ ತಪ್ಪುವ ಆವರ್ತಕ ಪಾರ್ಶ್ವವಾಯು, 1.2ರ ದೋಷದಿಂದ ಮಕ್ಕಳಲ್ಲಿ ಹೃದಯದ ಲಯ ಕೆಡಿಸುವ ಟಿಮೊಥಿ ಸಿಂಡ್ರೋಮ್, 1.4ರ ದೋಷದಿಂದ ಹುಟ್ಟಿನಿಂದ ಬರುವ ಇರುಳುಗುರುಡಿನ ಒಂದು ಬಗೆ, 2.1ರ ದೋಷದಿಂದ ಅರ್ಧಾಂಗ ದೌರ್ಬಲ್ಯದೊಡನೆ ಬರುವ ವಂಶಪಾರಂಪರ್ಯ ಮೈಗ್ರೇನ್ ಮತ್ತು ನಡಿಗೆಯ ಸಮತೋಲ ತಪ್ಪಿಸುವ ಅಟಾಕ್ಸಿಯಾ ಉಂಟಾಗುವುದು ತಿಳಿದುಬಂದಿದೆ. ಇಂತಹ ಕಾಯಿಲೆಗಳ ಕಾರಣವನ್ನು ಅರಿಯಲು ಹಾಗೂ ಔಷಧವನ್ನು ಶೋಧಿಸಲು ಶುದ್ಧ ಪ್ರೋಟೀನ್ ಬೇಕಾಗುತ್ತದೆ.

4. ಈ ಜ್ಞಾನ ಬೆಳೆದುಬಂದ ಬಗೆ

1953ರಲ್ಲಿ ಪಾಲ್ ಫ್ಯಾಟ್ ಮತ್ತು ಬರ್ನಾರ್ಡ್ ಕಾಟ್ಜ್ ಅವರು ಏಡಿಯ ಸ್ನಾಯುವಿನಲ್ಲಿ ಸೋಡಿಯಂ ಇಲ್ಲದಿದ್ದರೂ ವಿದ್ಯುತ್ ಸಂಕೇತ ಉಂಟಾಗುವುದನ್ನು ಕಂಡರು. ಕ್ಯಾಲ್ಸಿಯಂ ಪ್ರವಾಹದ ಅಧ್ಯಯನಕ್ಕೆ ಇದು ಆರಂಭ. 1960ರ ದಶಕದಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಫ್ಲೆಕೆನ್‌ಸ್ಟೈನ್ ಅವರು ಕೆಲವು ಔಷಧಗಳು ಹೃದಯದಲ್ಲಿ ಕ್ಯಾಲ್ಸಿಯಂನ ಕಾರ್ಯವನ್ನು ತಡೆಯುವುದನ್ನು ತೋರಿಸಿದರು. 1987ರಲ್ಲಿ ಜಪಾನಿನ ಷೋಸಾಕು ನುಮಾ ಅವರ ತಂಡವು ಮೊಲದ ಅಸ್ಥಿಸ್ನಾಯುವಿನ ಚಾನೆಲ್‌ನ ಅಮೈನೋ ಆಮ್ಲ ಅನುಕ್ರಮವನ್ನು ಪ್ರಕಟಿಸಿತು. ಒಂದೊಂದು ಚಾನೆಲ್‌ನ ಪ್ರವಾಹವನ್ನೂ ಅಳೆಯಬಲ್ಲ ಪ್ಯಾಚ್ ಕ್ಲ್ಯಾಂಪ್ ವಿಧಾನಕ್ಕಾಗಿ ಎರ್ವಿನ್ ನೆಹರ್ ಮತ್ತು ಬರ್ಟ್ ಸಕ್‌ಮನ್ ಅವರಿಗೆ 1991ರ ನೊಬೆಲ್ ಪ್ರಶಸ್ತಿ ಸಂದಿತು. 2015ರಲ್ಲಿ ನಿಯೆಂಗ್ ಯಾನ್ ಅವರ ತಂಡವು ಅತಿಶೀತ ಎಲೆಕ್ಟ್ರಾನ್ ಸೂಕ್ಷ್ಮದರ್ಶನದಿಂದ ಮೊಲದ ಸಿಎವಿ 1.1ರ ರಚನೆಯನ್ನು ಪ್ರಕಟಿಸಿತು. ಪುನಃಸಂಯೋಜಿತ ವಿಧಾನದಿಂದ ತಯಾರಿಸಿದ ಮಾನವ ಚಾನೆಲ್‌ಗಳ ರಚನೆಗಳೂ ಅನಂತರ ಹೊರಬಂದವು. ಸಿಎವಿ 3.1ರದು 2019ರಲ್ಲಿ, 2.2ರದು 2021ರಲ್ಲಿ ಪ್ರಕಟವಾಯಿತು.

5. ತಯಾರಿಸುವ ವಿಧಾನ

ಮಾನವನ ಅಂಗಾಂಶದಿಂದ ಚಾನೆಲ್ ಪ್ರೋಟೀನನ್ನು ಬೇಕಾದ ಪ್ರಮಾಣದಲ್ಲಿ ತೆಗೆಯುವುದು ಸಾಧುವಲ್ಲ. ಆದುದರಿಂದ ಅದರ ವಂಶವಾಹಿಯ ಪ್ರತಿಯನ್ನು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರಕ್ಕೆ ಸೇರಿಸಿ, ಬೇರೊಂದು ಜೀವಕೋಶದಿಂದ ಪ್ರೋಟೀನನ್ನು ತಯಾರು ಮಾಡಿಸುತ್ತಾರೆ. ಹೀಗೆ ದೊರೆತದ್ದೇ ಪುನಃಸಂಯೋಜಿತ ಪ್ರೋಟೀನ್. ಬಳಕೆಯಲ್ಲಿರುವ ಮುಖ್ಯ ವ್ಯವಸ್ಥೆಗಳು ಈ ಕೆಳಕಂಡಂತಿವೆ.

ಅ) ಈ. ಕೋಲಿ ಬ್ಯಾಕ್ಟೀರಿಯಾ: ವೆಚ್ಚ ಕಡಿಮೆ, ಇಳುವರಿ ಹೆಚ್ಚು. ಆದರೆ ಪೊರೆಯೊಳಗೆ ಕೂರಬೇಕಾದ ದೊಡ್ಡ ಮಾನವ ಪ್ರೋಟೀನನ್ನು ಸರಿಯಾಗಿ ಮಡಿಸುವುದು ಇದಕ್ಕೆ ಅಸಾಧ್ಯವೆನ್ನುವಷ್ಟು ಕಠಿಣ. ಸಣ್ಣ ತುಣುಕುಗಳಿಗೆ ಹಾಗೂ ಪೊರೆಯ ಒಳಬದಿಯಲ್ಲಿರುವ ಬೀಟಾ ಉಪಘಟಕಕ್ಕೆ ಇದು ಹೊಂದುತ್ತದೆ.

ಆ) ಗೋಧಿ ಮೊಳಕೆಯ ಸಾರ: ಇದರಲ್ಲಿ ಜೀವಂತ ಕೋಶವಿಲ್ಲ. ಗೋಧಿ ಭ್ರೂಣದಿಂದ ತೆಗೆದ ಸಾರವೇ ಪ್ರಣಾಳದಲ್ಲಿ ಪ್ರೋಟೀನನ್ನು ಜೋಡಿಸುತ್ತದೆ.

ಇ) ಕೀಟದ ಕೋಶಗಳು: ಬಾಕ್ಯುಲೋವೈರಸ್ ಮೂಲಕ ವಂಶವಾಹಿಯನ್ನು ಸೇರಿಸಲಾಗುತ್ತದೆ. ದೊಡ್ಡ ಪ್ರೋಟೀನ್‌ಗಳಿಗೂ ಬಳಸಬಹುದು.

ಈ) ಮಾನವ ಮೂಲದ ಎಚ್‌ಇಕೆ 293 ಕೋಶಗಳು: ಇಡೀ ಚಾನೆಲ್ ಸರಿಯಾಗಿ ಮಡಿಕೆಗೊಂಡು ಸಕ್ಕರೆ ಸರಪಳಿಗಳೊಂದಿಗೆ ದೊರೆಯಬೇಕಾದಲ್ಲಿ ಈ ವ್ಯವಸ್ಥೆ ಬಳಕೆಯಲ್ಲಿದೆ. ವೆಚ್ಚ ಹೆಚ್ಚು, ಇಳುವರಿ ಅಲ್ಪ.

ಶುದ್ಧೀಕರಣ ಸುಲಭವಾಗಲೆಂದು ಪ್ರೋಟೀನ್‌ನ ಒಂದು ತುದಿಗೆ ಗುರುತಿನ ಬಾಲವನ್ನು ಜೋಡಿಸುವುದು ವಾಡಿಕೆ. ಆರು ಹಿಸ್ಟಿಡಿನ್‌ಗಳ ಬಾಲ ಚಿಕ್ಕದು. ಜಿಎಸ್‌ಟಿ ಎಂಬ ಬಾಲ ಸುಮಾರು 26 ಕಿಲೋಡಾಲ್ಟನ್ ತೂಗುತ್ತದೆ. (ಇಲ್ಲಿ ಜಿಎಸ್‌ಟಿ ಎಂದರೆ ಗ್ಲುಟಾಥಯೋನ್ ಎಸ್-ಟ್ರಾನ್ಸ್‌ಫರೇಸ್ ಎಂಬ ಪ್ರೋಟೀನ್, ತೆರಿಗೆಯಲ್ಲ.)

ಇದೇ ತಂತ್ರದಿಂದ ತಯಾರಾದ ಮಾನವ ಇನ್ಸುಲಿನ್‌ಗೆ 1982ರಲ್ಲಿ ಅಮೆರಿಕದಲ್ಲಿ ಔಷಧವಾಗಿ ಅನುಮೋದನೆ ದೊರೆಯಿತು. ಆದರೆ ಇನ್ಸುಲಿನ್‌ನಲ್ಲಿರುವುದು 51 ಅಮೈನೋ ಆಮ್ಲಗಳು. ಸಿಎವಿ 1.2ರ ಆಲ್ಫಾ-1 ಉಪಘಟಕ ಒಂದರಲ್ಲೇ ಸುಮಾರು 2,200 ಅಮೈನೋ ಆಮ್ಲಗಳಿವೆ. ಇನ್ಸುಲಿನ್ ನೀರಿನಲ್ಲಿ ಕರಗಿದ ರೂಪದಲ್ಲಿ ಒದಗುತ್ತದೆ, ಚಾನೆಲ್‌ಗಾದರೋ ಪೊರೆಯ ಕೊಬ್ಬು ಅಥವಾ ಅದಕ್ಕೆ ಬದಲಾದ ಮಾರ್ಜಕ ದ್ರಾವಣ ಬೇಕು. ಮಾರುಕಟ್ಟೆಯಲ್ಲಿ ಪೂರ್ಣ ಚಾನೆಲ್‌ಗಿಂತ ತುಣುಕುಗಳೇ ಹೆಚ್ಚಾಗಿ ದೊರೆಯುವುದು ಈ ಕಾರಣದಿಂದ.

6. ಪೂರ್ಣ ಚಾನೆಲ್ ಮತ್ತು ತುಣುಕು: ವ್ಯತ್ಯಾಸವನ್ನು ಅರಿಯುವ ಬಗೆ

ಒಂದು ಲೆಕ್ಕದಿಂದ ಇದನ್ನು ಸ್ಪಷ್ಟಪಡಿಸಬಹುದು. ಒಂದು ಅಮೈನೋ ಆಮ್ಲದ ಸರಾಸರಿ ತೂಕ 110 ಡಾಲ್ಟನ್ ಎಂದು ಹಿಡಿಯೋಣ. 100 ಅಮೈನೋ ಆಮ್ಲಗಳ ತುಣುಕು 11 ಕಿಲೋಡಾಲ್ಟನ್ ತೂಗುತ್ತದೆ. ಜಿಎಸ್‌ಟಿ ಬಾಲದ 26 ಸೇರಿದರೆ ಒಟ್ಟು 37 ಕಿಲೋಡಾಲ್ಟನ್. 2,200 ಅಮೈನೋ ಆಮ್ಲಗಳ ಪೂರ್ಣ ಉಪಘಟಕವಾದರೆ 240 ಕಿಲೋಡಾಲ್ಟನ್ ಆಸುಪಾಸಿನಲ್ಲಿರುತ್ತದೆ. ಅಂದರೆ ಸದರಿ ಸೀಸೆಯಲ್ಲಿ ಚಾನೆಲ್‌ನ ಮುಖ್ಯ ಉಪಘಟಕದ ಶೇಕಡ 5ಕ್ಕಿಂತ ಕಡಿಮೆ ಭಾಗ ಮಾತ್ರ ಇರುತ್ತದೆ, ತೂಕದ ಹೆಚ್ಚಿನ ಪಾಲು ಬಾಲದ್ದೇ ಆಗಿರುತ್ತದೆ.

ಖರೀದಿಗೆ ಮುನ್ನ ಉತ್ಪನ್ನದ ಮಾಹಿತಿ ಪತ್ರದಲ್ಲಿ ಈ ಕೆಳಕಂಡ ಅಂಶಗಳನ್ನು ನೋಡತಕ್ಕದ್ದು:

(1) ವಂಶವಾಹಿಯ ಸಂಕೇತ ಮತ್ತು ಯೂನಿಪ್ರಾಟ್ ಸಂಖ್ಯೆ. ಉದಾಹರಣೆಗೆ ಮಾನವ ಸಿಎವಿ 1.2ಕ್ಕೆ ಸಿಎಸಿಎನ್‌ಎ1ಸಿ, ಕ್ಯೂ13936. ಸಿಎವಿ 2.1ಕ್ಕೆ ಸಿಎಸಿಎನ್‌ಎ1ಎ, ಓ00555.
(2) ಎಷ್ಟನೆಯ ಅಮೈನೋ ಆಮ್ಲದಿಂದ ಎಷ್ಟನೆಯದರವರೆಗೆ ಇದೆ ಎಂಬ ವಿವರ.
(3) ತಯಾರಿಸಿದ ವ್ಯವಸ್ಥೆ ಮತ್ತು ಬಾಲದ ಹೆಸರು.
(4) ಶುದ್ಧತೆಯ ಪ್ರಮಾಣ ಮತ್ತು ಅದನ್ನು ಅಳೆದ ವಿಧಾನ.
(5) ದ್ರಾವಣದಲ್ಲಿರುವ ಲವಣ, ಗ್ಲಿಸರಾಲ್, ಮಾರ್ಜಕಗಳ ವಿವರ.
(6) ಚಟುವಟಿಕೆಯನ್ನು ಪರೀಕ್ಷಿಸಲಾಗಿದೆಯೇ ಎಂಬುದು. ಈ ಬಗ್ಗೆ ಏನನ್ನೂ ಹೇಳದಿದ್ದಲ್ಲಿ ಪರೀಕ್ಷಿಸಿಲ್ಲವೆಂದೇ ಭಾವಿಸುವುದು ಕ್ಷೇಮ.

7. ಉಪಯೋಗಗಳು ಮತ್ತು ಮಿತಿಗಳು

ತುಣುಕು ರೂಪದ ಪ್ರೋಟೀನನ್ನು ಪ್ರತಿಕಾಯಗಳನ್ನು ತಯಾರಿಸಲು, ತಯಾರಾದ ಪ್ರತಿಕಾಯವು ಸರಿಯಾದ ಗುರಿಗೇ ಅಂಟುತ್ತಿದೆಯೇ ಎಂದು ಪರಿಶೀಲಿಸಲು, ವೆಸ್ಟರ್ನ್ ಬ್ಲಾಟ್ ಹಾಗೂ ಎಲೈಸಾ ಪರೀಕ್ಷೆಗಳಲ್ಲಿ ಹೋಲಿಕೆಯ ಮಾದರಿಯಾಗಿ, ಆ ತುಣುಕಿಗೆ ಯಾವ ಇತರ ಪ್ರೋಟೀನ್ ಅಂಟುತ್ತದೆ ಎಂದು ನೋಡಲು ಬಳಸಬಹುದು.

ಕ್ಯಾಲ್ಸಿಯಂ ಪ್ರವಾಹವನ್ನು ಅಳೆಯಲು ಅಥವಾ ಹೊಸ ಔಷಧವು ದ್ವಾರವನ್ನು ಮುಚ್ಚುತ್ತದೆಯೇ ಎಂದು ತಿಳಿಯಲು ತುಣುಕು ಒದಗುವುದಿಲ್ಲ. ತುಣುಕಿನಲ್ಲಿ ದ್ವಾರವೇ ಇರುವುದಿಲ್ಲ. ಇಂತಹ ಕೆಲಸಕ್ಕೆ ಆಲ್ಫಾ-1ರೊಡನೆ ಆ ವಿಧಕ್ಕೆ ಬೇಕಾದ ಸಹಾಯಕ ಉಪಘಟಕಗಳನ್ನೂ ಹೊಂದಿರುವ ಜೀವಂತ ಕೋಶ ಶ್ರೇಣಿ ಬೇಕಾಗುತ್ತದೆ. ಕೋಶ ಶ್ರೇಣಿ, ಪ್ಲಾಸ್ಮಿಡ್ ಮತ್ತು ಶುದ್ಧ ಪ್ರೋಟೀನ್ ಇವು ಮೂರು ಬೇರೆ ಬೇರೆ ವಸ್ತುಗಳು. ಒಂದರ ಹೆಸರಿನಲ್ಲಿ ಪಡೆದ ಅನುಮತಿ ಮತ್ತೊಂದಕ್ಕೆ ಅನ್ವಯಿಸುವುದಿಲ್ಲ.

ರೋಗಪತ್ತೆಯ ವಿಷಯದಲ್ಲಿಯೂ ಎಚ್ಚರಿಕೆ ಅಗತ್ಯ. ಲ್ಯಾಂಬರ್ಟ್-ಈಟನ್ ಎಂಬ ಸ್ನಾಯು ದೌರ್ಬಲ್ಯದ ಕಾಯಿಲೆಯಲ್ಲಿ ರೋಗಿಯ ದೇಹವೇ ಪಿ/ಕ್ಯೂ ವಿಧದ ಚಾನೆಲ್ ವಿರುದ್ಧ ಪ್ರತಿಕಾಯಗಳನ್ನು ಉತ್ಪಾದಿಸುತ್ತದೆ. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಇದರ ಹಿಂದೆ ಶ್ವಾಸಕೋಶದ ಕ್ಯಾನ್ಸರ್ ಅಡಗಿರುತ್ತದೆ. ಈ ಪ್ರತಿಕಾಯಗಳ ಪತ್ತೆಗೆ ಮಿದುಳಿನ ಅಂಗಾಂಶದಿಂದ ಪಡೆದ ಚಾನೆಲ್‌ಗಳಿಗೆ ಕೋನಸ್ ಜಾತಿಯ ಸಮುದ್ರ ಬಸವನಹುಳುವಿನ ವಿಷಾಂಶದ ವಿಕಿರಣಶೀಲ ರೂಪವನ್ನು ಅಂಟಿಸಿ ಪರೀಕ್ಷಿಸುವ ಕ್ರಮ ರೂಢಿಯಲ್ಲಿದೆ. ಇಲ್ಲಿ ಚಾನೆಲ್ ತನ್ನ ಸಹಜ ಆಕಾರದಲ್ಲೇ ಇರುತ್ತದೆ. ಆಕಾರ ಕಳೆದುಕೊಂಡ ತುಣುಕನ್ನು ಬಳಸಿ ಮನೆಮಟ್ಟದ ಪರೀಕ್ಷೆ ರೂಪಿಸಿದಲ್ಲಿ ರೋಗವಿದ್ದೂ ಇಲ್ಲವೆಂಬ ಫಲಿತಾಂಶ ಬರಬಹುದು. ಸಂಶೋಧನೆಗಾಗಿ ತಂದ ಪ್ರೋಟೀನ್‌ನಿಂದ ರೋಗಿಗಳಿಗೆ ವರದಿ ನೀಡಕೂಡದು.

8. ಅನುಮತಿ ಪಡೆಯುವ ಕ್ರಮ

ಭಾರತದಲ್ಲಿ ತಳಿ ಮಾರ್ಪಡಿಸಿದ ಜೀವಿಗಳು, ಕೋಶಗಳು ಮತ್ತು ಅವುಗಳ ಉತ್ಪನ್ನಗಳ ತಯಾರಿಕೆ, ಬಳಕೆ, ಆಮದು, ರಫ್ತು ಮತ್ತು ಸಂಗ್ರಹಣೆಯನ್ನು ಪರಿಸರ (ಸಂರಕ್ಷಣೆ) ಕಾಯ್ದೆ, 1986ರ ಅಡಿಯಲ್ಲಿ 1989ರಲ್ಲಿ ಹೊರಡಿಸಿದ ನಿಯಮಗಳು ನಿಯಂತ್ರಿಸುತ್ತವೆ. ಸಂಶೋಧನೆಗೆ ಸಂಬಂಧಿಸಿದಂತೆ ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯು 2017ರಲ್ಲಿ ಮಾರ್ಗಸೂಚಿಗಳನ್ನು ಪ್ರಕಟಿಸಿದೆ. ಜನವರಿ 2020ರಲ್ಲಿ ಆಮದು, ರಫ್ತು ಮತ್ತು ವಿನಿಮಯದ ಕ್ರಮವನ್ನು ಸರಳಗೊಳಿಸಲಾಯಿತು. ಅದರಂತೆ:

(1) ಅಪಾಯ ಗುಂಪು 1 ಮತ್ತು 2ಕ್ಕೆ ಸೇರಿದ ವಸ್ತುಗಳ ಬಗ್ಗೆ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯೇ ತೀರ್ಮಾನ ಕೈಗೊಳ್ಳುತ್ತದೆ.
(2) ಗುಂಪು 3 ಮತ್ತು 4ಕ್ಕೆ ಸೇರಿದವು ಸಮಿತಿಯ ಮೂಲಕ ತಳಿ ಮಾರ್ಪಾಡು ಪರಿಶೀಲನಾ ಸಮಿತಿಗೆ ಹೋಗತಕ್ಕದ್ದು.

ಅರ್ಜಿದಾರರು ಪ್ರೋಟೀನ್‌ನ ಹೆಸರು, ತುಣುಕಿನ ವ್ಯಾಪ್ತಿ, ತಯಾರಿಸಿದ ಜೀವಿ, ಪ್ರಮಾಣ, ಸರಬರಾಜುದಾರರ ವಿವರ, ಪ್ರಯೋಗದ ಉದ್ದೇಶ, ಸಂಗ್ರಹಣೆ ಮತ್ತು ವಿಲೇವಾರಿ ವ್ಯವಸ್ಥೆಗಳನ್ನು ಸಮಿತಿಯ ಮುಂದೆ ಇರಿಸಬೇಕು. ಸಮಿತಿಯು ನಿತ್ಯ ಸಭೆ ಸೇರುವುದಿಲ್ಲ. ಆದಕಾರಣ ಮುಂದಿನ ಸಭೆಯ ದಿನಾಂಕವನ್ನು ಮೊದಲು ತಿಳಿದುಕೊಂಡು, ಅನುಮತಿ ಕೈಸೇರಿದ ನಂತರವೇ ಸರಕು ರವಾನಿಸುವಂತೆ ಸರಬರಾಜುದಾರರಿಗೆ ತಿಳಿಸುವುದು ಸೂಕ್ತ.

ಈ ಪದಾರ್ಥವನ್ನು ಮನುಷ್ಯರಿಗೆ ನೀಡುವ ಉದ್ದೇಶವಿದ್ದಲ್ಲಿ ಮೇಲ್ಕಂಡ ಅನುಮತಿ ಸಾಲದು. ಔಷಧ ಮತ್ತು ಕಾಂತಿವರ್ಧಕ ಕಾಯ್ದೆ, 1940 ಹಾಗೂ ಹೊಸ ಔಷಧಗಳು ಮತ್ತು ಚಿಕಿತ್ಸಾ ಪ್ರಯೋಗಗಳ ನಿಯಮಗಳು, 2019 ಅನ್ವಯವಾಗುತ್ತವೆ.

9. ಆಮದು ಮತ್ತು ಶೀತಲ ಸಾಗಣೆ

ಇಂತಹ ಪ್ರೋಟೀನ್ ಮಾರಾಟವಾಗುವುದು ಮೈಕ್ರೋಗ್ರಾಂ ಲೆಕ್ಕದಲ್ಲಿ. 10 ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಒಂದು ಲಕ್ಷದ ಒಂದು ಭಾಗ. ಇಷ್ಟು ಅಲ್ಪ ಪದಾರ್ಥವು ದೊಡ್ಡ ಪೆಟ್ಟಿಗೆಯಲ್ಲಿ ಶುಷ್ಕ ಮಂಜಿನೊಡನೆ ಬರುತ್ತದೆ. ಶುಷ್ಕ ಮಂಜು ಎಂದರೆ ಘನರೂಪದ ಇಂಗಾಲದ ಡೈಆಕ್ಸೈಡ್. ಅದರ ಉಷ್ಣತೆ ಮೈನಸ್ 78.5 ಡಿಗ್ರಿ ಸೆಲ್ಸಿಯಸ್. ಅದು ಕರಗಿ ನೀರಾಗದೆ ನೇರವಾಗಿ ಆವಿಯಾಗುತ್ತಾ ಪೆಟ್ಟಿಗೆ ದಿನೇ ದಿನೇ ಬರಿದಾಗುತ್ತದೆ. ದಾಖಲೆಯೊಂದರ ಕೊರತೆಯಿಂದ ಪೆಟ್ಟಿಗೆಯು ವಿಮಾನ ನಿಲ್ದಾಣದ ಗೋದಾಮಿನಲ್ಲಿ ಉಳಿದರೆ, ಮಂಜು ತೀರಿದ ಮೇಲೆ ಪ್ರೋಟೀನ್ ತನ್ನ ಆಕಾರ ಕಳೆದುಕೊಳ್ಳಬಹುದು. ಹೊರನೋಟಕ್ಕೆ ಸೀಸೆಯಲ್ಲಿ ಯಾವ ವ್ಯತ್ಯಾಸವೂ ಕಾಣದಿರುವುದೇ ಇದರ ಅಪಾಯ.

ಆದುದರಿಂದ ಅರ್ಜಿದಾರರು ಈ ಕೆಳಕಂಡ ಕ್ರಮಗಳನ್ನು ಅನುಸರಿಸಲು ಕೋರಲಾಗಿದೆ:

(1) ಕಸ್ಟಮ್ಸ್ ಕಾಯ್ದೆ, 1962ರ 46ನೇ ಪ್ರಕರಣದಂತೆ, ಸರಕು ತಲುಪುವ ನಿರೀಕ್ಷಿತ ದಿನಕ್ಕೆ 30 ದಿನಗಳ ಮುಂಚಿನಿಂದಲೇ ಬಿಲ್ ಆಫ್ ಎಂಟ್ರಿ ಸಲ್ಲಿಸಲು ಅವಕಾಶವಿದೆ. ಇದನ್ನು ಬಳಸಿಕೊಳ್ಳುವುದು.
(2) ಇನ್‌ವಾಯ್ಸ್, ಏರ್‌ವೇ ಬಿಲ್, ಸಮಿತಿಯ ಅನುಮತಿ ಪತ್ರ, ಸುರಕ್ಷತಾ ದತ್ತಾಂಶ ಪತ್ರ ಹಾಗೂ ಅಂತಿಮ ಬಳಕೆಯ ಘೋಷಣೆಗಳಲ್ಲಿ ವಸ್ತುವಿನ ಹೆಸರು, ಪ್ರಮಾಣ ಮತ್ತು ಸಂಸ್ಥೆಯ ವಿಳಾಸ ಒಂದೇ ರೀತಿ ಇರುವಂತೆ ನೋಡಿಕೊಳ್ಳುವುದು.
(3) ಇನ್‌ವಾಯ್ಸ್‌ನಲ್ಲಿ "ಪ್ರೋಟೀನ್" ಎಂದಷ್ಟೇ ಬರೆಸದೆ, ಶುದ್ಧೀಕರಿಸಿದ ಪ್ರೋಟೀನ್, ಜೀವಂತ ಕೋಶಗಳಿಲ್ಲ, ಸಂಶೋಧನಾ ಬಳಕೆಗೆ ಮಾತ್ರ ಎಂಬ ವಿವರ ಬರೆಸುವುದು.
(4) ಶನಿವಾರ, ಭಾನುವಾರ ಅಥವಾ ಸಾರ್ವತ್ರಿಕ ರಜಾ ದಿನಗಳಲ್ಲಿ ಸರಕು ತಲುಪದಂತೆ ರವಾನೆಯ ದಿನವನ್ನು ನಿಗದಿಪಡಿಸುವುದು.
(5) ಅಗತ್ಯ ಬಿದ್ದಲ್ಲಿ ಶುಷ್ಕ ಮಂಜನ್ನು ಮರುಪೂರಣ ಮಾಡುವ ಹೊಣೆ ಯಾರದು ಎಂಬುದನ್ನು ಸಾಗಣೆ ಸಂಸ್ಥೆಯೊಡನೆ ಲಿಖಿತವಾಗಿ ಗೊತ್ತುಪಡಿಸಿಕೊಳ್ಳುವುದು.

10. ಸ್ವೀಕೃತಿ, ಸಂಗ್ರಹಣೆ ಮತ್ತು ವಿಲೇವಾರಿ

ಪೆಟ್ಟಿಗೆ ತೆರೆದ ಕೂಡಲೇ ಶುಷ್ಕ ಮಂಜು ಉಳಿದಿದೆಯೇ ಎಂದು ನೋಡಿ, ದಿನಾಂಕ ಮತ್ತು ವೇಳೆಯೊಡನೆ ದಾಸ್ತಾನು ವಹಿಯಲ್ಲಿ ದಾಖಲಿಸತಕ್ಕದ್ದು. ಮಂಜು ಪೂರ್ಣ ತೀರಿದ್ದಲ್ಲಿ ಛಾಯಾಚಿತ್ರ ಸಹಿತ ಸರಬರಾಜುದಾರರಿಗೆ ಅಂದೇ ತಿಳಿಸಬೇಕು. ಶುಷ್ಕ ಮಂಜನ್ನು ಬರಿಗೈಯಲ್ಲಿ ಮುಟ್ಟಬಾರದು, ಗಾಳಿಯಾಡದ ಕೊಠಡಿಯಲ್ಲಿ ಇಡಬಾರದು.

ಪ್ರೋಟೀನನ್ನು ಚೀಟಿಯಲ್ಲಿ ಸೂಚಿಸಿದ ಉಷ್ಣತೆಯಲ್ಲಿ, ಸಾಮಾನ್ಯವಾಗಿ ಮೈನಸ್ 80 ಡಿಗ್ರಿಯಲ್ಲಿ ಇಡಬೇಕು. ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಅದು ಕೆಡುತ್ತದೆ. ಮೊದಲ ಸಲ ಕರಗಿಸಿದಾಗಲೇ ಒಂದೊಂದು ಪ್ರಯೋಗಕ್ಕೆ ಸಾಕಾಗುವಷ್ಟನ್ನು ಸಣ್ಣ ಸಣ್ಣ ಕೊಳವೆಗಳಿಗೆ ಹಂಚಿಡುವುದು ಉತ್ತಮ. ಉಳಿಕೆ ಪದಾರ್ಥವನ್ನು ಸಂಸ್ಥೆಯ ಜೈವಿಕ ಸುರಕ್ಷತಾ ಕ್ರಮದಂತೆ ವಿಲೇವಾರಿ ಮಾಡತಕ್ಕದ್ದು.

11. ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆಗಳು

ಪ್ರಶ್ನೆ: ನಮ್ಮ ತಂದೆಯವರು ರಕ್ತದೊತ್ತಡಕ್ಕೆ ಆಮ್ಲೋಡಿಪಿನ್ ಸೇವಿಸುತ್ತಿದ್ದಾರೆ. ಈ ಪ್ರೋಟೀನ್‌ನಿಂದ ಪ್ರಯೋಜನವಿದೆಯೇ?
ಉತ್ತರ: ಇಲ್ಲ. ಆಮ್ಲೋಡಿಪಿನ್ ಅವರ ದೇಹದಲ್ಲೇ ಇರುವ ಚಾನೆಲ್‌ಗಳ ಮೇಲೆ ಕೆಲಸ ಮಾಡುವ ಔಷಧ. ಈ ಪ್ರೋಟೀನ್ ಔಷಧವಲ್ಲ. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಅವರ ಸಲಹೆಯಿಲ್ಲದೆ ನಿಲ್ಲಿಸಬಾರದು.

ಪ್ರಶ್ನೆ: ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಸಂಬಂಧವಿದೆಯೇ?
ಉತ್ತರ: ಇಲ್ಲ. ಮಾತ್ರೆಯಲ್ಲಿರುವುದು ಖನಿಜ ಲವಣ. ಸೀಸೆಯಲ್ಲಿರುವುದು ಆ ಖನಿಜವನ್ನು ಕೋಶದೊಳಗೆ ಬಿಡುವ ದ್ವಾರದ ಒಂದು ಭಾಗ.

ಪ್ರಶ್ನೆ: ಸರಬರಾಜುದಾರರು ಉಚಿತ ಮಾದರಿ ಕಳುಹಿಸುತ್ತಾರೆ. ಆಗಲೂ ದಾಖಲೆ ಬೇಕೇ?
ಉತ್ತರ: ಬೇಕು. ಹಣ ಪಾವತಿ ಇಲ್ಲದಿದ್ದರೂ ಅನುಮತಿಯ ಅಗತ್ಯ ತಪ್ಪುವುದಿಲ್ಲ. ಕಸ್ಟಮ್ಸ್ ಉದ್ದೇಶಕ್ಕಾಗಿ ಇನ್‌ವಾಯ್ಸ್‌ನಲ್ಲಿ ನ್ಯಾಯಯುತ ಮೌಲ್ಯವನ್ನೂ ನಮೂದಿಸಬೇಕು.

ಪ್ರಶ್ನೆ: ಸಂಶೋಧನಾ ವಿದ್ಯಾರ್ಥಿಯು ತನ್ನ ಹೆಸರಿನಲ್ಲಿ ಮನೆಯ ವಿಳಾಸಕ್ಕೆ ತರಿಸಬಹುದೇ?
ಉತ್ತರ: ತರಿಸಬಾರದು. ಮಾರ್ಗದರ್ಶಕರ ಮೂಲಕ, ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯ ವಿಳಾಸಕ್ಕೇ ತರಿಸತಕ್ಕದ್ದು.

ಪ್ರಶ್ನೆ: ಚಾನೆಲ್‌ನ ತೂಕ 240 ಕಿಲೋಡಾಲ್ಟನ್ ಎಂದು ಪುಸ್ತಕದಲ್ಲಿದೆ. ನಮ್ಮ ಪರೀಕ್ಷೆಯಲ್ಲಿ 37ರಲ್ಲಿ ಪಟ್ಟಿ ಕಂಡಿತು. ಮಾಲು ನಕಲಿಯೇ?
ಉತ್ತರ: ಹಾಗೆಂದು ಹೇಳಲಾಗದು. ಅದು ಬಾಲ ಸಹಿತ ತುಣುಕಾಗಿರಬಹುದು. 6ನೇ ವಿಭಾಗದ ಲೆಕ್ಕವನ್ನು ತಮ್ಮ ಮಾಹಿತಿ ಪತ್ರದೊಡನೆ ಹೋಲಿಸಿ ನೋಡುವುದು.

ಪ್ರಶ್ನೆ: ಈ ಪ್ರೋಟೀನ್‌ನಿಂದ ಸೋಂಕು ಹರಡುತ್ತದೆಯೇ?
ಉತ್ತರ: ಶುದ್ಧ ಪ್ರೋಟೀನ್ ತಾನಾಗಿ ವೃದ್ಧಿಸುವುದಿಲ್ಲ. ಆದರೂ ಕೈಗವಸು ಮುಂತಾದ ಪ್ರಯೋಗಾಲಯದ ಸಾಮಾನ್ಯ ಮುನ್ನೆಚ್ಚರಿಕೆಗಳನ್ನು ಪಾಲಿಸಬೇಕು.

12. ಸೂಚನೆ

ಈ ಪುಟದ ಮಾಹಿತಿಯನ್ನು ಸಾರ್ವಜನಿಕರ ಹಾಗೂ ಅರ್ಜಿದಾರರ ತಿಳಿವಳಿಕೆಗಾಗಿ ನೀಡಲಾಗಿದೆ. ಇದು ಅನುಮತಿ ಪತ್ರಕ್ಕಾಗಲಿ ವೈದ್ಯಕೀಯ ಸಲಹೆಗಾಗಲಿ ಬದಲಿಯಲ್ಲ. ನಿಯಮಗಳು ಮತ್ತು ಸುಂಕದ ದರಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ, ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ಅಧಿಸೂಚನೆಗಳನ್ನು ಪರಿಶೀಲಿಸಿಕೊಂಡು ಮುಂದುವರಿಯಲು ಕೋರಲಾಗಿದೆ.